ಕೆರೆ ಹಸಿರಾಗಿದೆ

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಾಟಲಿಯ ಕೊರಳಿಗೆ ಹಸಿರು ಚೀಟಿ ಬಿದ್ದರೆ ಆ ನೀರು ತೇರ್ಗಡೆಯಾಯಿತೆಂದು ಅರ್ಥ. ಕೆಂಪು ಬಿದ್ದರೆ ಇಲ್ಲ. ಅಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಮಿಲ್ಲಿ ಈ ಎರಡು ಬಣ್ಣಗಳನ್ನು ತನ್ನ ಮನೆಗೂ ಕೊಂಡೊಯ್ದಿದ್ದಳು. ಮಿಲ್ಲಿ ಎಂಬುದು ದಾಖಲೆಯಲ್ಲಿರುವ ಹೆಸರಲ್ಲ. ಆರನೆಯ ವಯಸ್ಸಿನಲ್ಲಿ, ಕೆಮ್ಮಿನ ಔಷಧಿ ಕುಡಿಸಲು ಬಂದ ಸೋದರತ್ತೆಯ ಕೈ ತಡೆದು, "ಐದು ಮಿಲ್ಲಿ ಅಂತ ಬರ್ದಿದೆ, ನೀವು ಆರು ಹಾಕಿದೀರಿ" ಎಂದಿದ್ದಳಂತೆ. ಅಂದು ಅತ್ತೆ ನಕ್ಕು ಇಟ್ಟ ಹೆಸರು ಇಂದಿಗೂ ಕಳಚಿಲ್ಲ.

ಬಣ್ಣಗಳು ಮನೆಗೆ ಬರಲು ಕಾರಣ ಗುಂಡಿ. ಗುಂಡಿ ಎಂದರೆ ನಾಯಿ. ಮರಿಯಾಗಿದ್ದಾಗ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕೋಟಿನ ಗುಂಡಿಯೊಂದನ್ನು ನುಂಗಿ, ಮೂರನೆಯ ದಿನ ಅದನ್ನು ಮರ್ಯಾದೆಯಾಗಿ ಹಿಂದಿರುಗಿಸಿದ್ದಕ್ಕೆ ಸಿಕ್ಕ ಬಿರುದು ಅದು. ಈಗ ಅದಕ್ಕೆ ಹನ್ನೊಂದು ವರ್ಷ. ಸೊಂಟದ ಕೀಲು ಸವೆದು ಎಡ ಹಿಂಗಾಲನ್ನು ಎಳೆಯತೊಡಗಿದಾಗ ಪಶುವೈದ್ಯೆ ಮಾತ್ರೆಯ ಜೊತೆಗೆ ಈಜನ್ನೂ ಬರೆದುಕೊಟ್ಟಿದ್ದರು. ನೀರು ಮೈಭಾರ ಹೊರುತ್ತದೆ, ಕಾಲಿಗೆ ನೋವಿಲ್ಲದೆ ಕಸರತ್ತು ಸಿಗುತ್ತದೆ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದಿದ್ದರು. ಆದರೆ ಆ ಊರಿನಲ್ಲಿ ನಾಯಿ ಈಜಬಹುದಾದ ನೀರೆಂದರೆ ಕೆರೆಯೊಂದೇ, ಮತ್ತು ಊರಿನ ಅರ್ಧ ಚರಂಡಿ ಬಂದು ಸೇರುತ್ತಿದ್ದುದೂ ಆ ಕೆರೆಗೇ.

ಮಿಲ್ಲಿ ಒಪ್ಪಲು ಒಂದು ವಾರ ಹಿಡಿದಿತ್ತು. ಒಪ್ಪಿದ ಮೇಲೆ ಷರತ್ತು ಹಾಕಿದಳು. ಜೋರು ಮಳೆ ಬಂದರೆ ಎರಡು ದಿನ ಕೆರೆಯ ಕಡೆ ತಲೆ ಹಾಕುವಂತಿಲ್ಲ. ಬಾಯಾರಿದ ನಾಯಿ ಕೆರೆಯ ನೀರನ್ನೇ ಕುಡಿಯುತ್ತದೆ, ಆದ್ದರಿಂದ ಇಳಿಸುವ ಮೊದಲು ಹೊಟ್ಟೆ ತುಂಬ ಒಳ್ಳೆಯ ನೀರು ಕುಡಿಸಬೇಕು. ದಡಕ್ಕೆ ಬಂದ ತಕ್ಷಣ, ಅದು ಮೈ ನೆಕ್ಕುವ ಮುಂಚೆ, ಕ್ಯಾನಿನಲ್ಲಿ ಕೊಂಡೊಯ್ದ ನಲ್ಲಿನೀರಿನಿಂದ ತೊಳೆಯಬೇಕು.

"ಸ್ನಾನಕ್ಕೆ ಹೋದ ನಾಯಿಗೆ ಇನ್ನೊಂದು ಸ್ನಾನ," ಎಂದು ಅಪ್ಪ ಗೊಣಗಿದ್ದರು. "ನಮ್ಮನೇಲಿ ಮನುಷ್ಯರಿಗೇ ಇಷ್ಟು ಉಪಚಾರ ಇಲ್ಲ."

ಗೊಣಗಿದರೂ ಮಾಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಫೋನಿನದು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ, ಕೆರೆಯ ನೀರಿನ ಫಲಿತಾಂಶ ನೋಡಿದ ಮೇಲೆ ಮಿಲ್ಲಿ ಅಂಗಡಿಗೆ ಫೋನ್ ಮಾಡಬೇಕು. ಆಮೇಲೆ ಮಾತ್ರ ನಾಯಿ ಹೊರಡಬೇಕು. ಹೊಲಿಗೆ ಯಂತ್ರಗಳ ಗಡಗಡದಲ್ಲಿ ಅಂಕಿಸಂಖ್ಯೆ ಯಾರಿಗೂ ಕೇಳಿಸುತ್ತಿರಲಿಲ್ಲ. "ಒಂದೇ ಮಾತಲ್ಲಿ ಹೇಳಮ್ಮ, ಬಾಯಿ ತುಂಬ ಗುಂಡುಸೂಜಿ ಇರುತ್ತೆ ನಂಗೆ" ಎಂದರು ಅಪ್ಪ. ಹಾಗೆ ಬಂದದ್ದು ಹಸಿರು, ಕೆಂಪು. ನಾಲ್ಕು ತಿಂಗಳಿಂದ ಆ ಒಂದೊಂದು ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಆ ದಿನವೂ ಫಲಿತಾಂಶ ಚೆನ್ನಾಗಿಯೇ ಇತ್ತು. ಕೆರೆಯ ನಡುವಿನಿಂದ ಹಿಂದಿನ ದಿನ ತಂದ ಮಾದರಿಯಲ್ಲಿ ರೋಗಾಣುಗಳು ಮಿತಿಯೊಳಗಿದ್ದವು. ಫೋನಿಗೆ ಕೈ ಹಾಕುವಷ್ಟರಲ್ಲಿ ದೋಣಿಯಣ್ಣ ಬಾಗಿಲಲ್ಲಿ ನಿಂತಿದ್ದ. ಮಾದರಿ ತುಂಬಿ ತರುವವನು ಅವನೇ, ವ್ಯಾನು ಓಡಿಸುವವನೂ ಅವನೇ.

"ಮೇಡಮ್ಮೋರೆ, ನಡುವಿನ ನೀರು ಬಿಡಿ. ಇವತ್ತು ದಡ ನೋಡ್ಬೇಕು ನೀವು. ರಾತ್ರಿ ಗಾಳಿ ಎಲ್ಲಾನೂ ಮೆಟ್ಟಿಲ ಕಡೆಗೆ ತಳ್ಳಿದೆ. ಯಾರೋ ಬಣ್ಣದ ಡಬ್ಬ ಬೋರಲು ಹಾಕ್ದಂಗಿದೆ."

ಅವನು ಎತ್ತಿ ತೋರಿಸಿದ ಬಾಟಲಿಯ ತಳದಲ್ಲಿ ನೀರು, ಮೇಲೆ ಒಂದು ಬೆರಳು ದಪ್ಪದ ಹಸಿರು ಕೆನೆ. ಮಿಲ್ಲಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಮಣಿ ಪೋಣಿಸಿದಂಥ ಸರಗಳು, ಒಂದಕ್ಕೊಂದು ತೆಕ್ಕೆಬಿದ್ದು, ನೋಡಲು ಅಂದವಾಗಿಯೇ ಇದ್ದವು. ನೀಲಿ-ಹಸಿರು ಪಾಚಿ. ಇದರ ಕೆಲವು ಜಾತಿಗಳು ವಿಷ ಬಿಡುತ್ತವೆ, ಯಾವುದು ಬಿಡುತ್ತದೆ ಯಾವುದು ಬಿಡುವುದಿಲ್ಲ ಎಂದು ಕಣ್ಣಿನಿಂದ ಹೇಳಲಾಗದು.

ಅವಳು ಕೂಡಲೇ ಅಂಗಡಿಗೆ ಫೋನ್ ಮಾಡಿದಳು. ಎತ್ತಿಕೊಂಡದ್ದು ಅಂಗಡಿಯಲ್ಲಿ ಕಾಜ ಹೊಲಿಯುವ ಅತ್ತೆ.

"ಅಣ್ಣ ಅಳತೆ ತಗೊಳ್ತಿದಾನೆ ಕಣೆ. ಹೊಟ್ಟೆ ಒಳಗೆಳ್ಕೊಳ್ಳೋ ಗಿರಾಕಿ, ಉಸಿರು ಬಿಡೋವರೆಗೂ ಕಾಯ್ತಾ ನಿಂತಿದಾನೆ. ಏನು ಹೇಳ್ಲಿ?"

"ಕೆರೆ ಹಸಿರಾಗಿದೆ ಅಂತ ಹೇಳಿ ಅತ್ತೆ. ಮರೀಬೇಡಿ."

"ಹಸಿರು ತಾನೆ? ಸರಿ ಬಿಡು."

ಫೋನ್ ಇಟ್ಟು ಮಿಲ್ಲಿ ತನ್ನ ಕೆಲಸಕ್ಕೆ ಕುಳಿತಳು. ಹೇಳಬೇಕಾದದ್ದನ್ನು ಹೇಳಬೇಕಾದ ಸಮಯಕ್ಕೆ ಹೇಳಿ ಮುಗಿಸಿದ ನೆಮ್ಮದಿ ಅವಳಿಗಿತ್ತು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಆ ನೆಮ್ಮದಿ ಹರಿಯಿತು. ಯಾವುದೋ ಶಾಲೆಯ ಬಾವಿನೀರು ತೇರ್ಗಡೆಯಾಗಿತ್ತು. ಮಿಲ್ಲಿ ಸುರುಳಿಯಿಂದ ಹಸಿರು ಚೀಟಿಯೊಂದನ್ನು ಬಿಡಿಸಿ ಬಾಟಲಿಯ ಕೊರಳಿಗೆ ಒತ್ತಿದಳು. ಒತ್ತಿದ ಹೆಬ್ಬೆರಳು ಅಲ್ಲೇ ನಿಂತಿತು. ಚೀಟಿಯ ಬಣ್ಣ ನೋಡಿದಳು. ಅತ್ತೆಯ ದನಿ ಕಿವಿಯಲ್ಲಿ ಮತ್ತೆ ಕೇಳಿತು: ಹಸಿರು ತಾನೆ?

ಫೋನ್ ಒತ್ತುವಾಗ ಬೆರಳು ಎರಡು ಸಲ ತಪ್ಪಿತು.

"ಅತ್ತೆ, ಅಪ್ಪ ಎಲ್ಲಿ?"

"ಆಗ್ಲೇ ಹೋದ್ನಲ್ಲ, ಮುಕ್ಕಾಲಿಗೆ. ಹಸಿರು ಅಂದೆಯಲ್ಲ ನೀನು."

"ಅಪ್ಪನ ಫೋನು?"

"ಇಲ್ಲೇ ಎಲ್ಲೋ ಬಟ್ಟೆ ಕೆಳಗೆ ಬಿದ್ದಿರುತ್ತೆ. ಯಾಕೆ, ಏನಾಯ್ತು?"

"ತೊಳೆಯೋಕೆ ಕ್ಯಾನು ತಗೊಂಡು ಹೋದ್ರಾ?"

ಯಂತ್ರವೊಂದು ಗಡಗಡಿಸಿ ನಿಂತಿತು. "ಕ್ಯಾನಿನ ನೀರನ್ನ ನಾನು ಇಸ್ತ್ರಿಗೆ ಹಾಕ್ಕೊಂಡೆ. ನಲ್ಲೀಲಿ ಬೇರೆ ನೀರು ಬರ್ತಿರ್ಲಿಲ್ಲ. ಒಂದು ದಿನ ತಾನೆ, ಮನೇಲಿ ತೊಳೀತೀನಿ ಅಂದ. ಮಿಲ್ಲಿ, ಗುಂಡಿಗೆ ಏನಾದ್ರೂ ಆಗುತ್ತಾ?"

ಮಿಲ್ಲಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದೇ ಭಯವಾಗಿತ್ತು. ಈ ಪಾಚಿಯ ವಿಷಗಳಲ್ಲಿ ಎರಡು ಬಗೆ. ನರಕ್ಕೆ ಏರುವ ವಿಷವಾದರೆ ಜೊಲ್ಲು, ತೂರಾಟ, ನಡುಕ, ಸೆಳೆತ. ಕೆಲವೊಮ್ಮೆ ಒಂದು ಗಂಟೆಯೊಳಗೇ ಎಲ್ಲವೂ ಮುಗಿದುಹೋಗುತ್ತದೆ. ಯಕೃತ್ತಿಗೆ ಇಳಿಯುವ ವಿಷವಾದರೆ ನಾಯಿ ಇಂದು ಬಾಲ ಆಡಿಸುತ್ತದೆ, ನಾಳೆಯೋ ನಾಡಿದ್ದೋ ಮಲಗಿದಲ್ಲಿಂದ ಏಳುವುದಿಲ್ಲ. ನೀರಿನಲ್ಲಿದ್ದಾಗ ಕುಡಿದದ್ದಕ್ಕಿಂತ, ದಡಕ್ಕೆ ಬಂದು ರೋಮದಿಂದ ನೆಕ್ಕಿದ್ದೇ ಹೆಚ್ಚಾಗಿರಬಹುದು. ಅವಳು ಇದನ್ನು ಪರೀಕ್ಷೆಗೆಂದು ಓದಿ, ಪೂರ್ಣ ಅಂಕ ಪಡೆದಿದ್ದಳು.

ಪ್ರಯೋಗಾಲಯದ ಮೂಲೆಯಲ್ಲಿ ಬಟ್ಟಿಯಿಳಿಸಿದ ನೀರಿನ ಎರಡು ಕ್ಯಾನುಗಳಿದ್ದವು, ತಲಾ ಹತ್ತು ಲೀಟರ್. ಆ ನೀರನ್ನು ಹನಿ ಲೆಕ್ಕದಲ್ಲಿ ಬಳಸುವುದು ಅಲ್ಲಿನ ರೂಢಿ. ಒಂದು ಲೋಟ ಚೆಲ್ಲಿದವನಿಗೆ ವಾರವಿಡೀ ಬೈಗುಳ ತಿನ್ನಿಸುವುದರಲ್ಲಿ ಮಿಲ್ಲಿಯೇ ಮುಂದು. ಅವಳು ಎರಡೂ ಕ್ಯಾನನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು. ರಬ್ಬರಿನ ಕೈಗವಸಿನ ಡಬ್ಬಿ ಕಂಕುಳಲ್ಲಿತ್ತು, ಹಸಿರು ಕೆನೆಯ ಬಾಟಲಿ ಕೋಟಿನ ಜೇಬಿನಲ್ಲಿತ್ತು.

"ಅಣ್ಣ, ಕೆರೆ ಮೆಟ್ಟಿಲಿಗೆ. ಬೇಗ."

ದೋಣಿಯಣ್ಣ ಅವಳ ಮುಖ ನೋಡಿ ಪ್ರಶ್ನೆ ಕೇಳಲಿಲ್ಲ, ವ್ಯಾನು ತಿರುಗಿಸಿದ.

ದಾರಿಯುದ್ದಕ್ಕೂ ಅವಳು ಗಡಿಯಾರ ನೋಡುತ್ತಿದ್ದಳು. ಮುಕ್ಕಾಲಿಗೆ ಹೊರಟರೆ ಕೆರೆ ತಲುಪಲು ಹತ್ತು ನಿಮಿಷ. ಇಪ್ಪತ್ತು ನಿಮಿಷ ಈಜು. ಅಂದರೆ ನಾಯಿ ಈಗಷ್ಟೇ ಮೇಲೆ ಬಂದಿರಬೇಕು, ಈಗ ಮೈ ಕೊಡವಿರಬೇಕು, ಈಗ ಮುಂಗಾಲು ಚಾಚಿ ಮಲಗಿರಬೇಕು. ನೆಕ್ಕಬೇಡ, ಎಂದು ಅವಳು ಮನಸ್ಸಿನಲ್ಲೇ ಗುಂಡಿಯನ್ನು ಬೇಡಿಕೊಂಡಳು. ಹನ್ನೊಂದು ವರ್ಷದಲ್ಲಿ ಹೇಳಿದ ಮಾತನ್ನು ಒಮ್ಮೆಯೂ ಕೇಳದ ನಾಯಿ ಅದು.

ಅಪ್ಪ ಮೂರನೆಯ ಮೆಟ್ಟಿಲ ಮೇಲೆ ಕುಳಿತಿದ್ದರು, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು. ಅವರ ಪಕ್ಕದಲ್ಲಿ ಗುಂಡಿ ಮಲಗಿ, ಮುಂಗಾಲುಗಳನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು. ಅದರ ಬಿಳಿ ಹೊಟ್ಟೆಯ ಸುತ್ತ, ಸೀರೆಗೆ ಅಂಚು ಕೊಟ್ಟಂತೆ, ಹಸಿರು ಪಟ್ಟೆ.

"ಅಪ್ಪ, ಅದರ ತಲೆ ಹಿಡ್ಕೊಳ್ಳಿ. ನೆಕ್ಕೋಕೆ ಬಿಡ್ಬೇಡಿ."

ಅವಳ ದನಿಯಲ್ಲಿ ಏನಿತ್ತೋ, ಅಪ್ಪ ಎದ್ದು ನಿಲ್ಲದೆ ಇದ್ದಲ್ಲೇ ಬಾಗಿ ನಾಯಿಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದರು. "ಏನಾಯ್ತು? ಹಸಿರು ಅಂತ ಹೇಳ್ಕಳಿಸಿದ್ಯಲ್ಲ?"

"ಚೀಟಿ ಅಲ್ಲ ಅಪ್ಪ. ನೀರು. ನೀರೇ ಹಸಿರಾಗಿದೆ ಅಂತ ಹೇಳ್ದೆ."

ಅಪ್ಪ ಕೆರೆಯನ್ನು ನೋಡಿದರು. ಕೆಳಗಿನ ಮೆಟ್ಟಿಲುಗಳು ಆ ಕೆನೆಯ ಕೆಳಗೆ ಮುಚ್ಚಿಹೋಗಿದ್ದವು.

"ಕಾಣ್ತಿತ್ತು," ಎಂದರು ನಿಧಾನವಾಗಿ. "ಇಳಿಸೋವಾಗ್ಲೇ ಕಾಣ್ತು. ನನ್ನ ಕಣ್ಣಿಗೆ ಸರಿ ಕಾಣ್ಲಿಲ್ಲ. ಅದೂ ಇಳಿಯಲ್ಲ ಅಂತ ಹಿಂದೆ ಎಳೀತು. ಆದ್ರೆ ನೀನು ಹಸಿರು ಅಂದಿದೀಯ, ನಿನಗಿಂತ ನನ್ನ ಕಣ್ಣು ದೊಡ್ಡದಾ ಅಂತ... ರೀಲು ಎಸ್ದೆ. ರೀಲು ಎಸೆದ್ರೆ ಅದು ಬರ್ದೆ ಇರುತ್ತಾ."

ಅವರ ಪಾದದ ಬಳಿ ನೂಲು ಮುಗಿದ ಮರದ ರೀಲು ಬಿದ್ದಿತ್ತು, ಹಲ್ಲಿನ ಗುರುತುಗಳ ತುಂಬ ಹಸಿರು.

ಮಿಲ್ಲಿ ಕೈಗವಸು ತೊಟ್ಟು, ಅಪ್ಪನಿಗೂ ತೊಡಿಸಿ, ಕ್ಯಾನಿನ ಮುಚ್ಚಳ ತಿರುಗಿಸಿದಳು. ಮೊದಲು ಬಾಯಿ, ತುಟಿಯ ಮಡಿಕೆಗಳು, ಆಮೇಲೆ ಮುಂಗಾಲು, ಬೆರಳಿನ ಸಂದು, ಹೊಟ್ಟೆ. ಹನಿ ಹನಿ ಲೆಕ್ಕವಿಡುತ್ತಿದ್ದವಳು ಇಪ್ಪತ್ತು ಲೀಟರನ್ನೂ ನಾಯಿಯ ಮೇಲೆ ಸುರಿದಳು. ಹಸಿರು ಪಟ್ಟೆ ಕರಗಿ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಅಷ್ಟರಲ್ಲಿ ಎರಡು ನಾಯಿಗಳನ್ನು ಕರೆತಂದ ಯಾರೋ ಒಬ್ಬರು ಸರಪಳಿ ಬಿಚ್ಚಲು ಬಗ್ಗಿದ್ದರು. ದೋಣಿಯಣ್ಣ ಓಡಿಹೋಗಿ ಅಡ್ಡ ನಿಂತ. "ಬೇಡ ಸ್ವಾಮಿ, ನೀರಲ್ಲಿ ವಿಷ ಇದೆ. ಕಾಲು ಕೂಡ ಅದ್ದಿಸ್ಬೇಡಿ."

ಅಪ್ಪ ಕೊರಳಿನ ಅಳತೆ ಪಟ್ಟಿಯನ್ನು ಎಳೆದುಕೊಂಡರು. "ಇದರಲ್ಲಿ ಬಾಯಿ ಕಟ್ಬಿಡ್ಲಾ? ನೆಕ್ಕೋಕೆ ಆಗಲ್ಲ."

"ಬೇಡ. ವಾಂತಿ ಬಂದ್ರೆ ಉಸಿರಿಗೆ ಸಿಕ್ಕೊಳ್ಳುತ್ತೆ. ಕೈಯಲ್ಲೇ ಹಿಡ್ಕೊಳ್ಳಿ."

ವ್ಯಾನಿನವರೆಗೆ ಹತ್ತು ಹೆಜ್ಜೆ. ಗುಂಡಿ ಎದ್ದು ನಿಂತಿತು, ಎರಡು ಹೆಜ್ಜೆ ಇಟ್ಟಿತು, ಹಿಂಭಾಗ ಒಂದು ಕಡೆಗೆ ವಾಲಿತು.

ತೂರಾಟ ವಿಷದ ಮೊದಲ ಲಕ್ಷಣ. ಆದರೆ ಗುಂಡಿ ಒಂದು ವರ್ಷದಿಂದ ಪ್ರತಿದಿನ, ಪ್ರತಿ ಹೆಜ್ಜೆಗೂ ತೂರಾಡುತ್ತಲೇ ಇತ್ತು. ಯಾವ ತೂರಾಟ ಕೀಲಿನದು, ಯಾವುದು ಕೆರೆಯದು? ಮಿಲ್ಲಿಗೆ ತಿಳಿಯಲಿಲ್ಲ. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅಪ್ಪ ನಾಯಿಯನ್ನು ಎತ್ತಿ ಎದೆಗವಚಿಕೊಂಡರು. ಅದರ ಒದ್ದೆ ಮೈ ಅವರ ತೋಳಿನಲ್ಲಿ ನಡುಗುತ್ತಿತ್ತು. ಅದು ಚಳಿಯ ನಡುಕವೋ ಅಲ್ಲವೋ, ಅದೂ ತಿಳಿಯಲಿಲ್ಲ.

ಪಶುವೈದ್ಯೆಯ ಚಿಕಿತ್ಸಾಲಯ ಒಂದು ಔಷಧಿ ಅಂಗಡಿಯ ಹಿಂಬದಿಯಲ್ಲಿತ್ತು: ಉಕ್ಕಿನ ಮೇಜು, ತೂಕದ ಯಂತ್ರ, ಗೋಡೆಯ ಮೇಲೆ ಹಲ್ಲಿನ ಚಿತ್ರ. ಮೇಜಿನ ಮೇಲೆ ಇಟ್ಟ ಕೂಡಲೇ ಗುಂಡಿಯ ಬಾಯಿಂದ ಉದ್ದನೆಯ ಜೊಲ್ಲೊಂದು ಎಳೆಯಾಗಿ ಇಳಿಯಿತು. ಮರುಕ್ಷಣವೇ ಹೊಟ್ಟೆ ಹಿಂಡಿ ವಾಂತಿ ಮಾಡಿತು. ವಾಂತಿ ಹಸಿರಾಗಿತ್ತು.

"ಎಷ್ಟು ಹೊತ್ತು ನೀರಲ್ಲಿತ್ತು?" ವೈದ್ಯೆ ಕೇಳಿದರು.

"ಇಪ್ಪತ್ತು ನಿಮಿಷ. ಹನ್ನೊಂದು ಕಾಲಿಗೆ ಹೊರಗೆ ಬಂದಿದೆ. ತೊಳೆಯೋಕೆ ಶುರು ಮಾಡಿದ್ದು ಹನ್ನೊಂದೂ ಇಪ್ಪತ್ತಾರಕ್ಕೆ. ಮಧ್ಯ ನೆಕ್ಕಿದೆ." ಮಿಲ್ಲಿ ದೋಣಿಯಣ್ಣ ತಂದ ಬಾಟಲಿಯನ್ನು ಮುಂದಿಟ್ಟಳು. "ಇದೇ ನೀರು."

"ಬಾಯಲ್ಲಿ ಏನಾದ್ರೂ ಕಚ್ಕೊಂಡು ಈಜ್ತಾ?"

ಅಪ್ಪ ನೆಲ ನೋಡಿದರು. "ರೀಲು. ಆರು ಸಲ ಎಸ್ದೆ."

"ಬಾಯಿ ತೆರ್ಕೊಂಡು ಈಜಿದ್ರೆ ನೀರು ಹೋಗೇ ಹೋಗಿರುತ್ತೆ. ಇದಕ್ಕೆ ಪ್ರತಿವಿಷ ಅಂತ ಇಲ್ಲ, ನಾನು ಸುಳ್ಳು ಹೇಳಲ್ಲ. ಒಳಗೆ ಹೋಗಿರೋದನ್ನ ಆದಷ್ಟು ಹಿಡಿದಿಡೋದು, ದೇಹಕ್ಕೆ ಆಸರೆ ಕೊಡೋದು. ವಾಂತಿ ತಾನಾಗೇ ಬಂತಲ್ಲ, ಅದು ಒಳ್ಳೇದೇ."

ಇದ್ದಿಲ ಪುಡಿ ಕಲಸಿದ ಕಪ್ಪು ದ್ರವ ಗುಂಡಿಯ ಗಂಟಲಿಗಿಳಿಯಿತು. ಮುಂಗಾಲಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ವೈದ್ಯೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಬಾಗಿಲ ಬಳಿ ನಿಂತಿದ್ದ ದೋಣಿಯಣ್ಣನಿಗೆ ಆ ಮೌನ ತಡೆಯಲಾಗಲಿಲ್ಲ.

"ಗುಂಡಿ ಗುಂಡಿಗೆ ಗಟ್ಟಿ ಇರುತ್ತೆ ಬಿಡಿ," ಎಂದ. ಯಾರೂ ನಗಲಿಲ್ಲ. ಅವನು ಚಪ್ಪಲಿಯಿಂದ ನೆಲ ಕೆರೆದು ಹೊರಗೆ ಹೋದ.

ಅತ್ತೆ ಅಂಗಡಿಗೆ ಬೀಗ ಹಾಕಿ ಓಡಿಬಂದರು, ಸೆರಗಿಗೆ ಅಂಟಿದ ನೂಲಿನ ಚೂರುಗಳನ್ನೂ ತೆಗೆಯದೆ. "ನನ್ನ ಕಿವಿಗೆ ಏನು ಬಡಿದಿತ್ತೋ," ಎಂದು ಕುರ್ಚಿಯಲ್ಲಿ ಕುಸಿದರು. "ಹಸಿರಾಗಿದೆ ಅಂದ್ಲು ಮಗು. ನಾನು ಹಸಿರು ಅಂದೆ. ಆ 'ಆಗಿದೆ' ಎಲ್ಲಿ ಬಿತ್ತೋ."

"ನಿಮ್ಮದು ತಪ್ಪಲ್ಲ ಅತ್ತೆ. ಆ ಮಾತು ಕಲಿಸ್ದೋಳು ನಾನು."

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದರು ಅತ್ತೆ, ಯಾರಿಗೆಂದು ಅಲ್ಲದೆ. ಅಪ್ಪ ಇಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು ಎಂದು ಮಿಲ್ಲಿಗೆ ಅನಿಸಿತು.

ಗೋಡೆಯ ಗಡಿಯಾರದ ಕೆಳಗೆ ಮೂವರೂ ಕುಳಿತರು. ಹನ್ನೆರಡಾಯಿತು. ಹನ್ನೆರಡು ಕಾಲು ಆಯಿತು. ಗುಂಡಿಯ ಕಿವಿ ಒಮ್ಮೆ ಅದುರಿದರೆ ಮೂರು ಜೊತೆ ಕಣ್ಣು ಅಲ್ಲಿಗೆ ಹಾರುತ್ತಿದ್ದವು. ಸೆಳೆತ ಹೀಗೇ ಶುರುವಾಗುತ್ತದೆಯೇ? ನೊಣ ಹಾರಿತು, ಕಿವಿ ಅದುರಿದ್ದು ನೊಣಕ್ಕೆ. ಜೊಲ್ಲು ಹನ್ನೆರಡೂ ಇಪ್ಪತ್ತಕ್ಕೆ ನಿಂತಿತು, ಅಥವಾ ನಿಂತಂತೆ ಕಂಡಿತು.

ಹನ್ನೆರಡೂವರೆಗೆ ವೈದ್ಯೆ ಡ್ರಿಪ್ಪಿನ ನಳಿಕೆ ಕಳಚಿ, ನಾಯಿಯನ್ನು ನೆಲಕ್ಕಿಳಿಸಿದರು. "ನಡೆಸಿ ನೋಡೋಣ."

ಗುಂಡಿ ನಡೆಯಿತು. ಸೊಂಟ ವಾಲಿತು, ನೆಟ್ಟಗಾಯಿತು, ಮತ್ತೆ ವಾಲಿತು.

"ಇದೇ ನನಗೆ ಕಷ್ಟ," ಎಂದರು ವೈದ್ಯೆ. "ಆರೋಗ್ಯವಾಗಿರೋ ನಾಯಿ ಆಗಿದ್ರೆ ಒಂದೇ ನೋಟಕ್ಕೆ ಹೇಳ್ತಿದ್ದೆ. ಇದರ ನಡಿಗೆ ನಾನು ನೋಡಿ ಎರಡು ತಿಂಗಳಾಯ್ತು."

ಆಗ ಅಪ್ಪ ಅಂಗಿಯ ಜೇಬಿನಿಂದ ಸೀಮೆಸುಣ್ಣದ ಬಿಲ್ಲೆ ತೆಗೆದರು. ಪ್ಯಾಂಟಿನ ಅಂಚು ಸಮವಾಗಿದೆಯೇ ಎಂದು ನೋಡುವಾಗ ಮಾಡುವಂತೆಯೇ, ಎರಡೂ ಮೊಣಕಾಲೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿದರು. "ಕರೀರಿ ಅದನ್ನ," ಎಂದರು. ಮಿಲ್ಲಿ ಗೋಡೆಯ ಆ ತುದಿಗೆ ಹೋಗಿ ಕುಳಿತು ಕೈ ಚಾಚಿದಳು. ಗುಂಡಿ ಹೆಜ್ಜೆಯಿಟ್ಟಿತು. ಪ್ರತಿ ಹಿಂಗಾಲು ನೆಲ ಮುಟ್ಟಿದಲ್ಲಿ ಅಪ್ಪ ಒಂದು ಗೀಟು ಎಳೆದರು, ತೆವಳುತ್ತ. ಕೊನೆಗೆ ಅಳತೆ ಪಟ್ಟಿಯನ್ನು ಗೀಟುಗಳ ನಡುವೆ ಹಾಸಿದರು. ಮೊದಲ ಗೀಟು. ಎರಡನೆಯದು. ಮೂರನೆಯದರಲ್ಲಿ ಅವರ ಬೆರಳು ನಿಂತಿತು, ಮತ್ತೆ ಅಳೆದರು.

"ಅಪ್ಪ?"

"ಎಡಗಾಲು ಒಂದೂವರೆ ಅಂಗುಲ ಹಿಂದೆ. ದಿನಾ ಇರೋದೇ ಅಷ್ಟು. ಬಲಗಾಲು ನೆಟ್ಟಗಿದೆ." ಅವರು ಎದ್ದು ಕುಳಿತರು, ಕೆನ್ನೆಗೆ ಧೂಳು ಹತ್ತಿತ್ತು. "ದಿನಾ ಇದರ ಹಿಂದೇನೇ ನಡೀತೀನಿ ಡಾಕ್ಟ್ರೆ. ಇದು ಗುಂಡೀದೇ ನಡಿಗೆ. ಕೆರೆದಲ್ಲ."

ವೈದ್ಯೆ ಗೀಟುಗಳನ್ನು ನೋಡಿದರು, ಅಪ್ಪನನ್ನು ನೋಡಿದರು. "ಹಾಗಾದ್ರೆ ನರದ ವಿಷ ಅಲ್ಲ ಅನ್ಕೋಬಹುದು. ಲಿವರ್ ಮಾತ್ರ ಇನ್ನೂ ಹೇಳೋಕಾಗಲ್ಲ. ಇವತ್ತು, ನಾಳೆ, ನಾಡಿದ್ದು ರಕ್ತ ಪರೀಕ್ಷೆ. ಊಟ ಬಿಟ್ರೆ, ಒಸಡು ಹಳದಿ ಆದ್ರೆ, ಒಂದು ನಿಮಿಷಾನೂ ಕಾಯದೆ ಕರ್ಕೊಂಡು ಬನ್ನಿ. ಇನ್ನೊಂದು ಸಲ ಸೋಪು ಹಾಕಿ ತೊಳೀರಿ, ನಾನು ಹೇಳೋವರೆಗೆ ಮೈ ನೆಕ್ಕೋಕೆ ಬಿಡ್ಬೇಡಿ."

ಅಪ್ಪ ಅಂಗಡಿ ತೆರೆಸಿ, ಅಂಗಿಯ ಕಾಲರಿಗೆ ಹಾಕುವ ಬಕ್ರಂ ಬಟ್ಟೆಯನ್ನು ಮೂರು ಪದರ ಅಂಟಿಸಿ, ಮೈ ನೆಕ್ಕಲಾಗದಂತೆ ನಾಯಿಯ ಕೊರಳಿಗೆ ಅಗಲವಾದ ಬಿಳಿ ಕಾಲರೊಂದನ್ನು ಹೊಲಿದರು. ನಲವತ್ತು ವರ್ಷದಲ್ಲಿ ಅವರು ಇಷ್ಟು ದೊಡ್ಡ ಕಾಲರು ಹೊಲಿದಿರಲಿಲ್ಲ. ಗುಂಡಿ ಅದನ್ನು ತೊಟ್ಟು ಬಾಗಿಲ ಚೌಕಟ್ಟಿಗೆ ಎರಡು ಸಲ ಢಿಕ್ಕಿ ಹೊಡೆದು, ಅವಮಾನವಾದಂತೆ ಯಂತ್ರದ ಕೆಳಗೆ ಮಲಗಿತು.

ಆ ಎರಡು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ಗಂಟೆಗೊಮ್ಮೆ ಯಾರಾದರೊಬ್ಬರು ನಾಯಿಯ ತುಟಿ ಮೇಲೆತ್ತಿ ಒಸಡು ನೋಡುತ್ತಿದ್ದರು. ಬೆಳಿಗ್ಗೆ ತಿಳಿಗೆಂಪಾಗಿ ಕಂಡದ್ದು ಸಂಜೆಯ ದೀಪಕ್ಕೆ ಹಳದಿಯಾಗಿ ಕಾಣುತ್ತಿತ್ತು. ಆಗ ಅಪ್ಪ ಅದನ್ನು ಎತ್ತಿಕೊಂಡು ಬೀದಿಗೆ, ಉಳಿದ ಬೆಳಕಿಗೆ ಓಡುತ್ತಿದ್ದರು. ಎರಡನೆಯ ದಿನ ಗುಂಡಿ ಅರ್ಧ ಅನ್ನ ಬಿಟ್ಟಿತು. ಆ ಅರ್ಧ ಅನ್ನವನ್ನು ಮೂವರೂ ಸುತ್ತ ನಿಂತು ನೋಡಿದರು. ಒಂದು ಗಂಟೆಯ ನಂತರ ಅದೇ ಬಂದು ತಟ್ಟೆ ಖಾಲಿ ಮಾಡಿತು. ಕಾಲರು ತಟ್ಟೆಗೆ ಅಡ್ಡ ಬರುತ್ತಿದ್ದುದಕ್ಕೆ ಬಿಟ್ಟಿತ್ತೆಂದು ಆಗ ತಿಳಿಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದರು.

ಪ್ರಯೋಗಾಲಯದವರು ಕೆರೆಯ ಮೆಟ್ಟಿಲಿಗೆ ಹಗ್ಗ ಕಟ್ಟಿ ಫಲಕ ಹಾಕಿದರು. ಅದರಲ್ಲಿ ಏನು ಬರೆಯಬೇಕೆಂದು ಮೇಲಧಿಕಾರಿ ಕೇಳಿದಾಗ ಮಿಲ್ಲಿ ಬಣ್ಣದ ಹೆಸರು ಹೇಳಲಿಲ್ಲ. "ಈ ನೀರಿಗೆ ನಾಯಿಯನ್ನು ಇಳಿಸಬೇಡಿ. ಇಳಿದಿದ್ದರೆ ಈಗಲೇ ತೊಳೆಯಿರಿ, ನೆಕ್ಕಲು ಬಿಡಬೇಡಿ, ವೈದ್ಯರ ಬಳಿಗೆ ಹೋಗಿ" ಎಂದು ಬರೆಸಿದಳು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಪ್ರಯೋಗಾಲಯದಲ್ಲಿ ಅವಳ ಫೋನ್ ಮೊಳಗಿತು. ಅಂಗಡಿಯಿಂದ. ಮಿಲ್ಲಿ ಎತ್ತಿಕೊಂಡಳು. ಆ ಕಡೆ ಒಂದೇ ಒಂದು ಯಂತ್ರದ ಸದ್ದೂ ಇರಲಿಲ್ಲ.

"ಡಾಕ್ಟ್ರಮ್ಮ ಫೋನ್ ಮಾಡಿದ್ರು," ಎಂದರು ಅತ್ತೆ. "ಎರಡು ಸಲ ಹೇಳಿಸ್ದೆ. ಆಮೇಲೆ ನಾನು ಹೇಳ್ದೆ, ಅವ್ರು ಹೂಂ ಅಂದ್ರು. ಕತ್ತರಿಸೋ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಂಡಿದೀನಿ. ಬರ್ದಿರೋದನ್ನ ಬರ್ದಂಗೇ ಓದ್ತೀನಿ, ಕೇಳಿಸ್ಕೋ."

"ಓದಿ ಅತ್ತೆ."

"ಮೂರನೇ ರಕ್ತ ಪರೀಕ್ಷೆಯಲ್ಲೂ ಲಿವರ್ ಚೆನ್ನಾಗಿದೆ. ಗುಂಡಿ ಬದುಕುತ್ತೆ. ಕಾಲರು ತೆಗೀಬಹುದು. ಕೆರೆಗೆ ಬಿಡಬಾರದು."

ಮಿಲ್ಲಿಯ ಎದುರಿಗೆ ಹಸಿರು ಚೀಟಿಯ ಸುರುಳಿ ಇತ್ತು. ಅದನ್ನು ಆಚೆ ಸರಿಸಿದಳು.

"ಇನ್ನೊಂದ್ಸಲ ಓದಿ," ಎಂದಳು.

ಅತ್ತೆ ಮೊದಲಿನಿಂದ, ಒಂದೂ ಅಕ್ಷರ ಬಿಡದೆ, ಮತ್ತೆ ಓದಿದರು. ಹಿಂದಿನಿಂದ ಅಪ್ಪ, ಬಾಯಲ್ಲಿ ಗುಂಡುಸೂಜಿಯಿಲ್ಲದೆ, ಪ್ರತಿ ವಾಕ್ಯವನ್ನೂ ಪಾಠ ಒಪ್ಪಿಸುವಂತೆ ತಿರುಗಿ ಹೇಳುತ್ತಿದ್ದುದು ಕೇಳಿಸಿತು.